ಖಾಜನ ಗದ್ದೆಯ ಕೂಳೆ ಭತ್ತ: ಮೊದಲು ತೂಬಿನ ಮಾತಾಗಲಿ

ಮಾನ್ಯ ಸಂಪಾದಕರೇ,

ಕೊಯ್ಲಾದ ಭತ್ತದ ಕೂಳೆಯಿಂದಲೇ (ಗದ್ದೆಯಲ್ಲಿ ಉಳಿದ ಬುಡದಿಂದಲೇ) ಎರಡನೆಯ ಬೆಳೆ ತೆಗೆಯುವ ಇಂಡೋನೇಷ್ಯಾದ ಪದ್ಧತಿಯನ್ನು ಹೊಳೆಯ ಉಪ್ಪುನೀರನ್ನು ಒಡ್ಡು, ತೂಬುಗಳಿಂದ ತಡೆದು ಭತ್ತ ಬೆಳೆಯುವ ಗೋವಾದ ಖಾಜನ ಗದ್ದೆಗಳಿಗೂ ತರಬೇಕೆಂಬ ಮಾತು ಇಲ್ಲಿನ ಕೃಷ್ಯಾಸಕ್ತರಲ್ಲಿ ಕೇಳಿಬರುತ್ತಿದೆ. ಇಂಥದ್ದೇ ಉಪ್ಪುನೀರಿನ ಗದ್ದೆಗಳಿರುವ ಕುಮಟಾ ಕಡೆಯ ಗಜನಿ ಸೀಮೆಯಿಂದ ಬಂದು ಮಡಗಾಂವದಲ್ಲಿ ನೆಲೆಸಿರುವ ನನಗೆ ಈ ಉತ್ಸಾಹ ಅರ್ಥವಾಗುತ್ತದೆಯಾದರೂ, ನೀರಿನ ವಿಚಾರ ಇತ್ಯರ್ಥವಾಗದೆ ಮುಂದುವರಿಯುವುದು ಸರಿಯಲ್ಲವೆನಿಸುತ್ತದೆ.

ಕೂಳೆ ಬೆಳೆಯ ಲಾಭ ಸುಳ್ಳಲ್ಲ. ಬುಡದ ಗಣ್ಣುಗಳಲ್ಲಿರುವ ಮೊಗ್ಗು ಚಿಗುರಿ ತೆಂಡೆಯೊಡೆಯುವುದರಿಂದ ಬೀಜ, ಸಸಿಮಡಿ, ಉಳುಮೆ, ನಾಟಿಗಳ ಖರ್ಚು ಉಳಿಯುತ್ತದೆ. ಸುಮಾರು ಎರಡು ತಿಂಗಳಲ್ಲಿ ತೆನೆ ಕೊಯ್ಲಿಗೆ ಬರುತ್ತದೆ, ಇಳುವರಿ ಸಾಮಾನ್ಯವಾಗಿ ಮೊದಲ ಬೆಳೆಯ ಅರ್ಧದ ಆಸುಪಾಸಿನಲ್ಲಿರುತ್ತದೆ. ಪಶ್ಚಿಮ ಸುಮಾತ್ರಾದ 'ಸಾಲಿಬು' ಪದ್ಧತಿಯಲ್ಲಿ ಕೊಯ್ಲಾಗಿ ವಾರ ಕಳೆದ ಮೇಲೆ ಕೂಳೆಯನ್ನು ನೆಲದಿಂದ 3ರಿಂದ 5 ಸೆಂ.ಮೀ. ಎತ್ತರಕ್ಕೆ ಮತ್ತೊಮ್ಮೆ ಕತ್ತರಿಸುತ್ತಾರೆ. ಹಾಗೆ ಬುಡದಿಂದ ಎದ್ದ ಚಿಗುರು ತನ್ನದೇ ಬೇರು ಬಿಡುವುದರಿಂದ ಫಸಲು ಇನ್ನೂ ಚೆನ್ನಾಗಿರುತ್ತದೆ. ಆಳು ಸಿಗದೆ ಗದ್ದೆಗಳು ಪಾಳು ಬೀಳುತ್ತಿರುವ ಗೋವಾದಲ್ಲಿ ಇದು ಮನಸ್ಸನ್ನು ಸೆಳೆಯದೆ ಇರದು.

ಆದರೆ ಸುಮಾತ್ರಾ, ಕಾಲಿಮಂತಾನಗಳ ಉಬ್ಬರದ ಜೌಗಿನಲ್ಲಿ ಅನೇಕ ಕಡೆ ಗದ್ದೆಗೆ ಹತ್ತುವುದು ಸಮುದ್ರದ ಉಬ್ಬರ ಹಿಂದಕ್ಕೆ ತಳ್ಳಿದ ನದಿಯ ಸಿಹಿನೀರು. ನಮ್ಮ ಮಾಂಡವಿ, ಜುವಾರಿಗಳ ದಂಡೆಯಲ್ಲಿ ಹಾಗಿಲ್ಲ. ಜೂನ್ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತಿದ ಕೊರ್ಗುಟ್ ಎಂಬ ಉಪ್ಪು ತಾಳುವ ನಾಡತಳಿಯ ಭತ್ತ ಮಳೆಗಾಲ ಮುಗಿಯುವ ಹೊತ್ತಿಗೆ ಕೊಯ್ಲಾಗುತ್ತದೆ. ಅನಂತರ ಹೊಳೆಯೂ ಮಣ್ಣೂ ದಿನೇ ದಿನೇ ಉಪ್ಪಾಗುತ್ತವೆ. ಭತ್ತಕ್ಕೆ ಉಪ್ಪಿನ ಪೆಟ್ಟು ಹೆಚ್ಚು ತಗಲುವುದು ಎಳೆ ಸಸಿಯಲ್ಲಿ ಮತ್ತು ಹೂ ಬಿಡುವಾಗ. ಕೂಳೆ ಹೂ ಬಿಡುವುದು ಸರಿಯಾಗಿ ಆ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲೇ.

ಇನ್ನು ಮೀನಿನ ವಿಚಾರ. ಕೊಯ್ಲಿನ ನಂತರ 'ಮಾನಸ್' ಎಂಬ ತೂಬಿನ ಬಾಗಿಲು ತೆರೆದು ಉಪ್ಪುನೀರು ಒಳಬಿಟ್ಟರೆ ಮೀನು, ಸಿಗಡಿ ಬರುತ್ತವೆ, ಅವನ್ನು ಹಿಡಿಯುವ ಹಕ್ಕು ಹರಾಜಾಗುತ್ತದೆ. ಕೊಳೆಯುವ ಕೂಳೆಯೇ ಅವುಗಳ ಮೇವಿಗೆ ಆಧಾರ; ನಮ್ಮ ಗಜನಿಯಲ್ಲೂ ಕಗ್ಗ ಎಂಬ ಉಪ್ಪು ತಾಳುವ ಭತ್ತದ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಬಿಡುವ ರೂಢಿಯಿದೆ. ಎರಡನೆಯ ಬೆಳೆಗಾಗಿ ಬಾಗಿಲು ಎರಡು ತಿಂಗಳು ಮುಚ್ಚಿದ್ದರೆ ಹರಾಜು ಹಿಡಿದವನು ಸುಮ್ಮನಿರುವನೇ? ಕೊಯ್ಲು ಮುಗಿದೊಡನೆ ಗದ್ದೆಗೆ ನುಗ್ಗುವ ದನಗಳ ಮಾತು ಬೇರೆ.

ಹಾಗೆಂದು ಪ್ರಯೋಗವೇ ಬೇಡವೆಂದು ನಾನು ಹೇಳುತ್ತಿಲ್ಲ. ಒರತೆಯ ಅಥವಾ ಕೆರೆಯ ಸಿಹಿನೀರು ಸಿಗುವ, ಖಾಜನದ ಮೇಲಂಚಿನ ಗದ್ದೆಗಳಲ್ಲಿ ಅಲ್ಪಾವಧಿಯ ತಳಿಯನ್ನು ಬೇಗ ಬಿತ್ತಿ, ಮಳೆ ಮುಗಿಯುವ ಮೊದಲೇ ಕೊಯ್ದು ಕೂಳೆ ಬಿಟ್ಟು ನೋಡಬಹುದು. ಹಳೇ ಗೋವಾದ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯು ಉಪ್ಪು ತಾಳುವ 'ಗೋವಾ ಧಾನ್' ತಳಿಗಳನ್ನು ಈಗಾಗಲೇ ಕೊಟ್ಟಿದೆ. ಅವುಗಳ ಕೂಳೆ ಎಷ್ಟು ಚಿಗುರುತ್ತದೆ, ಎಷ್ಟು ಉಪ್ಪು ತಾಳುತ್ತದೆ ಎಂಬುದನ್ನು ರೈತರ ಗದ್ದೆಯಲ್ಲೇ ಅಳೆದು ತೋರಿಸಲಿ. ಅದಕ್ಕೂ ಮೊದಲು, ಮುಂದಿನ ಹರಾಜಿನ ಕರಾರಿನಲ್ಲಿಯೇ ಬಾಗಿಲು ತೆರೆಯುವ ದಿನಾಂಕವನ್ನೂ, ತಡವಾದರೆ ಮೀನಿನವನಿಗೆ ಕೊಡಬೇಕಾದ ಪರಿಹಾರವನ್ನೂ ಖಾಜನಗಳನ್ನು ನೋಡಿಕೊಳ್ಳುವ ಗೇಣಿದಾರರ ಸಂಘಗಳು ಬರೆಸಿಕೊಳ್ಳಬೇಕೆಂದು ವಿನಂತಿ.

ಇಂತಿ,
ಓರ್ವ ಓದುಗ, ಮಡಗಾಂವ, ಗೋವಾ