ಕಾಗದದ ಹೆಸರು, ಮನೆಯ ಹೆಸರು

ನಮ್ಮ ಕೂಟದ ಸದಸ್ಯರ ವಿಳಾಸಪಟ್ಟಿಯನ್ನು ಪರಿಷ್ಕರಿಸಲು ಈ ತಿಂಗಳು ಕುಳಿತಾಗ, ಒಡಹುಟ್ಟಿದ ಮೂವರು ಅಣ್ಣತಮ್ಮಂದಿರು ಮೂರು ಬೇರೆ ಬೇರೆ ಅಡ್ಡಹೆಸರುಗಳಲ್ಲಿ ದಾಖಲಾಗಿರುವುದು ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಒಬ್ಬರು ತಂದೆಯ ಹೆಸರನ್ನೂ ಇನ್ನೊಬ್ಬರು ಊರಿನ ಹೆಸರನ್ನೂ ಬರೆದಿದ್ದರು. ಮೂರನೆಯವರು ಇನಿಷಿಯಲ್ಲನ್ನು ಬಿಡಿಸಿ ಬರೆದು ಅಜ್ಜನನ್ನೇ ಎಳೆದು ತಂದಿದ್ದರು. ನಗು ಬಂತು. ಆದರೆ ಇದೇ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಹೆಸರಿನ ಗೋಜಲು ಎಷ್ಟು ಜನರ ನಿದ್ದೆಗೆಡಿಸಿತ್ತೆಂಬುದು ನೆನಪಾಗಿ, ಈ ಸಂಚಿಕೆಯ ಪುಟವನ್ನು ಆ ಕಥೆಗೆ ಬಿಟ್ಟುಕೊಡುತ್ತಿದ್ದೇನೆ.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದ ಮೇಲೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ, ಅದರಲ್ಲೂ ತೈಷಾನ್ ಸುತ್ತಮುತ್ತಲ ಹಳ್ಳಿಗಳಿಂದ, ಗಂಡಸರು ಸಾಲ ಮಾಡಿ ಹಡಗು ಹತ್ತಿದರು. ಅವರ ಬಾಯಲ್ಲಿ ಈ ನಾಡು ‘ಗಮ್ ಸಾನ್’, ಅಂದರೆ ಚಿನ್ನದ ಬೆಟ್ಟ. ಚೀನೀ ಭಾಷೆಯಲ್ಲಿ ನಮ್ಮ ನಗರಕ್ಕೆ ಇಂದಿಗೂ ‘ಹಳೆಯ ಚಿನ್ನದ ಬೆಟ್ಟ’ವೆಂದೇ ಹೆಸರು. ಪೋರ್ಟ್ಸ್‌ಮತ್ ಚೌಕದ ಆಸುಪಾಸಿನಲ್ಲಿ ನೆಲೆಯೂರಿದ ಅವರಿಗೆ ಆಸರೆಯಾದವು ಒಂದೊಂದು ಸೀಮೆಯವರು ತಮ್ಮವರಿಗಾಗಿ ಕಟ್ಟಿಕೊಂಡ ಸಂಘಗಳು. ಹೊಸಬರಿಗೆ ಮಲಗಲು ಜಾಗ ತೋರಿಸುವುದು, ಕೆಲಸ ಹುಡುಕಿಕೊಡುವುದು, ವ್ಯಾಜ್ಯ ತೀರಿಸುವುದು, ವಕೀಲರನ್ನು ನೇಮಿಸುವುದು, ಕಡೆಗೆ ಇಲ್ಲಿ ಮಣ್ಣಾದವರ ಎಲುಬುಗಳನ್ನು ಕೆಲವು ವರ್ಷಗಳ ನಂತರ ಹೊರತೆಗೆದು ಹುಟ್ಟೂರಿಗೆ ಕಳುಹಿಸುವುದು, ಎಲ್ಲವೂ ಸಂಘದ ಹೊಣೆಯಾಗಿತ್ತು. ಪಿಕ್ನಿಕ್ಕಿಗೆ ಪಾರ್ಕು ಕಾದಿರಿಸುವಷ್ಟರಲ್ಲೇ ಸುಸ್ತಾಗುವ ನಮ್ಮ ಕಾರ್ಯಕಾರಿ ಸಮಿತಿಗೆ (ನಾನೂ ಅದರಲ್ಲಿ ಒಬ್ಬ) ಈ ಪಟ್ಟಿಯನ್ನೊಮ್ಮೆ ಓದಿ ಹೇಳಬೇಕೆನಿಸುತ್ತದೆ.

1875ರ ಕಾನೂನು ಚೀನೀ ಹೆಂಗಸರು ಬರುವುದನ್ನು ಬಹುಮಟ್ಟಿಗೆ ತಡೆಯಿತು. 1882ರ ಬಹಿಷ್ಕಾರ ಕಾಯಿದೆ ಕೂಲಿಕಾರರಿಗೆ ಬಾಗಿಲು ಮುಚ್ಚಿ, ಪೌರತ್ವದ ದಾರಿಯನ್ನೂ ಕಡಿಯಿತು. ಚೈನಾಟೌನು ದಶಕಗಳ ಕಾಲ ಒಂಟಿ ಗಂಡಸರ ಊರಾಯಿತು. ಇದೇ ನಗರದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವರನ್ನು, ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ಅಧಿಕಾರಿಗಳು ಹಡಗಿನಿಂದ ಇಳಿಯಗೊಡಲಿಲ್ಲ. ಅವರು ಮೊಕದ್ದಮೆ ಹೂಡಿ, ಇಲ್ಲಿ ಹುಟ್ಟಿದ ತಾವು ಇಲ್ಲಿನ ಪೌರರೇ ಎಂದು 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ವೀಸಾದ ಮೇಲಿರುವ ನಮ್ಮ ಮನೆಗಳಲ್ಲಿ ಹುಟ್ಟಿದ ಮಕ್ಕಳ ಪೌರತ್ವದ ಮಾತು ಬಂದಾಗಲೆಲ್ಲ ವಕೀಲರು ಎತ್ತುವ ಹೆಸರು ಇವರದೇ.

1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಗೆ ಚೈನಾಟೌನು ಬೂದಿಯಾಯಿತು. ಜೊತೆಗೆ ನಗರದ ಜನನ ದಾಖಲೆಗಳೂ ಸುಟ್ಟುಹೋದವು. ‘ನಾನು ಇಲ್ಲೇ ಹುಟ್ಟಿದವನು’ ಎಂದವರನ್ನು ಸುಳ್ಳೆಂದು ತೋರಿಸಲು ಕಾಗದವೇ ಉಳಿದಿರಲಿಲ್ಲ. ಹಾಗೆ ಪೌರರಾದವರು ಊರಿಗೆ ಹೋಗಿ ಬಂದಾಗಲೆಲ್ಲ ಒಬ್ಬ ಮಗ ಹುಟ್ಟಿದನೆಂದು ಬರೆಸಿ, ಪೌರನ ಮಗನೆಂದು ಒಳಬರಬಹುದಾದ ಆ ಸ್ಥಾನವನ್ನು ಬಂಧುವಿಗೋ ಅಪರಿಚಿತನಿಗೋ ಮಾರುತ್ತಿದ್ದರು. ಹೀಗೆ ಬಂದವರೇ ‘ಕಾಗದದ ಮಕ್ಕಳು’. ಇದನ್ನರಿತ ಅಧಿಕಾರಿಗಳು 1910ರಿಂದ 1940ರವರೆಗೆ ಏಂಜೆಲ್ ಐಲೆಂಡ್ ನಡುಗಡ್ಡೆಯಲ್ಲಿ ಅವರನ್ನು ಕೂಡಿಹಾಕಿ ಪ್ರಶ್ನಿಸಿದರು: ನಿಮ್ಮ ಮನೆ ಸಾಲಿನಲ್ಲಿ ಎಷ್ಟನೆಯದು, ಮೆಟ್ಟಿಲುಗಳೆಷ್ಟು, ಅಕ್ಕಿಯ ಡಬ್ಬ ಎಲ್ಲಿರುತ್ತದೆ? ಉತ್ತರಗಳನ್ನು ಹಡಗಿನಲ್ಲಿ ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಪುಸ್ತಕವನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಕಾಯುತ್ತ ಕಾಯುತ್ತ ಮರದ ಗೋಡೆಗಳ ಮೇಲೆ ಅವರು ಕೆತ್ತಿದ ಕವಿತೆಗಳು ಈಗಲೂ ಅಲ್ಲಿವೆ. ಭಾರತದಿಂದ ಬಂದವರನ್ನೂ ಆ ನಡುಗಡ್ಡೆಯಲ್ಲಿ ತಡೆದಿಟ್ಟಿದ್ದರು.

ಸುಳ್ಳು ಹೆಸರು ಹೊತ್ತವರ ಇದೇ ಪೇಟೆಯಲ್ಲಿ ಹೆಸರಿಗೆ ಸಿಕ್ಕುತ್ತಿದ್ದ ಮರ್ಯಾದೆಯನ್ನು ನೋಡಬೇಕಾದರೆ ವಾಷಿಂಗ್ಟನ್ ಬೀದಿಯ ಹಳೆಯ ಟೆಲಿಫೋನ್ ವಿನಿಮಯ ಕೇಂದ್ರಕ್ಕೆ ಹೋಗಬೇಕು. ಒಂದರ ಮೇಲೊಂದು ಏರಿದ ಅದರ ಬಾಗಿದ ಹೆಂಚಿನ ಮಾಡು ಭೂಕಂಪದ ನಂತರದ್ದು. ಚೀನೀಯರನ್ನು ಊರಾಚೆಗೆ ಅಟ್ಟುವ ಯೋಜನೆ ಕೇಳಿಬಂದಾಗ, ಪ್ರವಾಸಿಗರು ಬಂದರೆ ನಗರ ತಮ್ಮನ್ನು ಉಳಿಸಿಕೊಂಡೀತೆಂದು ವರ್ತಕರು ಬಿಳಿಯ ವಾಸ್ತುಶಿಲ್ಪಿಗಳಿಂದಲೇ ಇಂತಹ ‘ಚೀನೀ’ ಕಟ್ಟಡಗಳನ್ನು ಕಟ್ಟಿಸಲಾರಂಭಿಸಿದ್ದರು. ಒಳಗೆ ಸಾಲಾಗಿ ಕುಳಿತು ಕರೆಗಳನ್ನು ಜೋಡಿಸುತ್ತಿದ್ದ ಹೆಣ್ಣುಮಕ್ಕಳು ಎರಡು ಸಾವಿರಕ್ಕೂ ಹೆಚ್ಚು ಗ್ರಾಹಕರ ಹೆಸರು ವಿಳಾಸಗಳನ್ನು ನೆನಪಿನಲ್ಲಿಟ್ಟುಕೊಂಡು, ಚೀನೀ ಉಪಭಾಷೆಗಳ ಜೊತೆಗೆ ಇಂಗ್ಲಿಷಿನಲ್ಲೂ ಮಾತನಾಡುತ್ತಿದ್ದರು. ಮನುಷ್ಯನನ್ನು ಸಂಖ್ಯೆಯಿಂದ ಕರೆಯುವುದು ಅಗೌರವವೆಂಬ ಭಾವನೆಯಿತ್ತಾದ್ದರಿಂದ, ಕರೆ ಮಾಡುವವರು ನಂಬರು ಹೇಳದೆ ಹೆಸರನ್ನೇ ಹೇಳುತ್ತಿದ್ದರು. ಒಂದೇ ಹೆಸರಿನವರು ಹಲವರಿದ್ದರೆ ಯಾವ ಬೀದಿಯವರೆಂದು ಆಕೆಗೆ ಗೊತ್ತಿರಲೇಬೇಕಿತ್ತು. ಡಯಲ್ ಫೋನ್ ಬಂದು 1949ರಲ್ಲಿ ಇದು ಮುಚ್ಚಿತು. ಈಗ ಅಲ್ಲಿ ಬ್ಯಾಂಕೊಂದಿದೆ.

ಬಹಿಷ್ಕಾರ ಕಾಯಿದೆ 1943ರಲ್ಲಿ ರದ್ದಾದರೂ ವಲಸೆ ಬರಲು ಚೀನೀಯರಿಗೆ ಸಿಕ್ಕ ಪಾಲು ವರ್ಷಕ್ಕೆ 105 ಜನ ಮಾತ್ರ; ಭಾರತೀಯರಿಗೆ 1946ರಲ್ಲಿ ಸಿಕ್ಕದ್ದು 100. ಸುಳ್ಳು ಹೆಸರನ್ನು ಒಪ್ಪಿಕೊಂಡು ನಿಜ ಹೇಳಿರೆಂದು ಸರಕಾರ 1956ರಲ್ಲಿ ಕರೆ ಕೊಟ್ಟಾಗ ಸಾವಿರಾರು ಜನ ಮುಂದೆ ಬಂದರು. ಭಯದಿಂದ ಬಾಯಿ ಬಿಡದವರೂ ಇದ್ದರು. ಅಂಥ ಕೆಲವರ ಸಮಾಧಿಗಳಲ್ಲಿ ಒಂದೇ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಕಾಗದದ ಮನೆತನವೂ ಚೀನೀ ಲಿಪಿಯಲ್ಲಿ ಹುಟ್ಟಿದ ಮನೆತನವೂ ಅಕ್ಕಪಕ್ಕ ಕುಳಿತಿವೆ.

ನಮ್ಮ ಪಟ್ಟಿಯ ಹೊಸ ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರಿನ ಕೆಳಗೆ ಇನ್ನೊಂದು ಖಾನೆ ಸೇರಿಸಿದ್ದೇವೆ: ಮನೆಯಲ್ಲಿ ಕರೆಯುವ ಹೆಸರು, ಕನ್ನಡದಲ್ಲಿ. ದಯವಿಟ್ಟು ತಿಂಗಳ ಕೊನೆಯೊಳಗೆ ತುಂಬಿ ಕಳುಹಿಸಿ.