ರಕ್ತ ತಗೊಂಡು ಹೋದವರು ಫೋನ್ ಎತ್ತಲ್ಲ

ಮಾನ್ಯ ಸಂಪಾದಕರೇ,

ವಾಟರ್ ಟ್ಯಾಂಕ್ ಪಾರ್ಕ್‌ನಲ್ಲಿ ಭಾನುವಾರ ಮತ್ತೆ ನಡೆದ ಕ್ಯಾನ್ಸರ್ ರಕ್ತಪರೀಕ್ಷೆ ಶಿಬಿರದ ಸುದ್ದಿ ಓದಿ ಮೈ ಉರಿಯಿತು. ರಿಬ್ಬನ್ ಕತ್ತರಿಸಿದವರ ಫೋಟೊ ಹಾಕಿದ್ದೀರಿ. ಎರಡು ತಿಂಗಳ ಹಿಂದೆ ಇದೇ ಪಾರ್ಕ್‌ನಲ್ಲಿ ರಕ್ತ ಕೊಟ್ಟವರ ಗತಿ ಏನಾಯಿತು ಅಂತ ಯಾರನ್ನಾದರೂ ಕೇಳಿದ್ದೀರಾ? ನಮ್ಮ ಯಜಮಾನರೂ ಕೊಟ್ಟಿದ್ದರು. 15 ಸಾವಿರ ಕಟ್ಟಿ.

ಆಮೇಲೆ ಒಂದು ಶುಕ್ರವಾರ ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ರಿಪೋರ್ಟ್ ಬಂತು. ಕ್ಯಾನ್ಸರ್ ಸುಳಿವು ಇದೆ, ಹೊಟ್ಟೆ ಇಲ್ಲವೇ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಇರಬಹುದು ಅಂತ. ಅಷ್ಟೇ. ಅದರಲ್ಲಿದ್ದ ನಂಬರ್‌ಗೆ ಶನಿವಾರ, ಭಾನುವಾರ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ಸೋಮವಾರ ಎತ್ತಿದ ಹುಡುಗಿ ‘ನಿಮ್ಮ ಡಾಕ್ಟರಿಗೆ ತೋರಿಸಿ ಮೇಡಂ’ ಅಂದು ಇಟ್ಟಳು. ಆಮೇಲೆ ಎಂಡೋಸ್ಕೋಪಿ, ಸಿಟಿ, ಕೊನೆಗೆ ಪೆಟ್ ಸ್ಕ್ಯಾನ್. ಅಡ್ಮಿಟ್ ಆಗಿಲ್ಲ ಅಂತ ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ. ಯಜಮಾನರ ರಜೆಯೆಲ್ಲ ಮುಗಿಯಿತು. ಪಿಯುಸಿ ಮಗಳು ಪುಸ್ತಕ ಮುಚ್ಚಿಟ್ಟು ಅಪ್ಪನ ಮುಖ ನೋಡುತ್ತಾ ಕೂತಳು. ಮೊನ್ನೆ ಡಾಕ್ಟರು ‘ಏನೂ ಕಾಣ್ತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಅಂದರು. ಸಮಾಧಾನ ಮಾಡಿಕೊಳ್ಳಬೇಕೋ, ಇನ್ನೂ ಆರು ತಿಂಗಳು ಹೆದರಿಕೊಂಡೇ ಇರಬೇಕೋ ಗೊತ್ತಾಗುತ್ತಿಲ್ಲ.

ಪರೀಕ್ಷೆಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಗೆಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಹುಡುಕುತ್ತಾರೆ, ಒಳ್ಳೆಯದೇ. ಆದರೆ ಅಮೆರಿಕದಲ್ಲಿ ಗ್ಯಾಲೆರಿ ಅನ್ನುವ ಇಂಥದೇ ಪರೀಕ್ಷೆಯನ್ನು 6,600ಕ್ಕೂ ಜಾಸ್ತಿ ಜನರಿಗೆ ಮಾಡಿದಾಗ 92 ಮಂದಿಗೆ ಸುಳಿವು ಇದೆ ಅಂತ ಬಂತು. ಅವರಲ್ಲಿ ಕ್ಯಾನ್ಸರ್ ಇದ್ದದ್ದು 35 ಜನರಿಗೆ. ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಮೊದಲ ಹಂತದ ಕ್ಯಾನ್ಸರ್ ಅದಕ್ಕೆ ಸಿಕ್ಕಿದ್ದು 100ರಲ್ಲಿ ಸುಮಾರು 17 ಮಾತ್ರ. ಶಿಬಿರದಲ್ಲಿ ಇದನ್ನು ಯಾರು ಹೇಳಿದರು? ಅಲ್ಲಿ ಇದ್ದದ್ದು ‘ಒಂದೇ ಟ್ಯೂಬ್, ಎಲ್ಲ ಕ್ಯಾನ್ಸರ್’ ಅನ್ನುವ ಬ್ಯಾನರ್. ಎದುರು ಮನೆಯ ಅಕ್ಕನಿಗೆ ಸುಳಿವಿಲ್ಲ ಅಂತ ಬಂತು. ಇನ್ನು ಮ್ಯಾಮೊಗ್ರಾಮ್ (ಸ್ತನ ಕ್ಯಾನ್ಸರ್ ನೋಡುವ ಎಕ್ಸ್‌ರೇ) ಯಾಕೆ ಅಂತ ಅವರು ಸುಮ್ನೆ ಕೂತಿದ್ದಾರೆ. ನನಗೆ ಅವರದ್ದೇ ಜಾಸ್ತಿ ಭಯ.

ಮಾಡಿಸಿ ಅಂತ ಹೇಳೋಣ ಅಂದರೆ ನಮ್ಮ ಸರ್ಕಾರಿ ಆಸ್ಪತ್ರೆಯ ಮ್ಯಾಮೊಗ್ರಾಮ್ ಯಂತ್ರ ಕೆಟ್ಟು ವರ್ಷ ದಾಟಿತು. ಕೇಳಿದರೆ ಟೆಂಡರ್ ಆಗಬೇಕು ಅನ್ನುತ್ತಾರೆ. ಮೂರನೇ ಕ್ರಾಸ್‌ನ ಒಳಚರಂಡಿಗೂ, ಪಾರ್ಕ್‌ನ ದೀಪಕ್ಕೂ ಇದೇ ಉತ್ತರ. ಯೋಗ ಕ್ಲಾಸಿಗೆ ಅದೇ ಪಾರ್ಕ್ ಕೇಳಿದಾಗ ನಮ್ಮನ್ನು ನಾಲ್ಕು ಸಲ ಅಲೆಸಿದರು. ಲ್ಯಾಬ್‌ನವರಿಗೆ ಮಾತ್ರ ಎರಡೆರಡು ಸಲ ಹೇಗೆ ಕೊಟ್ಟರು?

ಈ ಶಿಬಿರಗಳನ್ನು ನಿಲ್ಲಿಸಿ. ನಿಲ್ಲಿಸೋಕೆ ಆಗಲ್ಲ ಅಂದರೆ ರಿಪೋರ್ಟ್ ಬಂದ ದಿನ ಮಾತಾಡಲು ಒಬ್ಬ ಡಾಕ್ಟರನ್ನಾದರೂ ಕೂರಿಸಿ. ಆ ಯಂತ್ರವನ್ನೂ ರಿಪೇರಿ ಮಾಡಿಸಿ, ದೀಪವನ್ನೂ ಹಾಕಿಸಿ. ರಿಬ್ಬನ್ ಕತ್ತರಿಸಲು ಪುರುಸೊತ್ತಿರುವ ಅಧಿಕಾರಿಗಳಿಗೆ ನಮ್ಮ ಅರ್ಜಿ ಓದಲು ಪುರುಸೊತ್ತಿಲ್ಲ ಅಂದರೆ ನಾಚಿಕೆಯಾಗಬೇಕು.

– ನೊಂದ ನಿವಾಸಿ, ಮೂರನೇ ಕ್ರಾಸ್