ಹನ್ನೆರಡು ಗೂಟಗಳ ಲೆಕ್ಕ

ಗೆಳೆಯಾ,

ನಿನ್ನ ಟೆಂಟನ್ನು ಇವತ್ತು ಪಾರ್ಸೆಲ್ ಮಾಡಿದೆ. ನಾಡಿದ್ದು ಕೈ ಸೇರಬಹುದು. ಚೀಲ ಬಿಚ್ಚಿದ ಕೂಡಲೇ ನೀನು ಮೊದಲು ಗೂಟ ಎಣಿಸುತ್ತೀಯ ಅಂತ ಗೊತ್ತು. ಕೊಟ್ಟಾಗ ಹನ್ನೆರಡಿದ್ದವು, ಈಗ ಹತ್ತಿವೆ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕಿ ಬೈಯುತ್ತೀಯ. ಪತ್ರವಾದರೆ ನಾನು ಹೇಳಿ ಮುಗಿಸುವ ತನಕ ನೀನು ಸುಮ್ಮನಿರಲೇಬೇಕು, ಅದಕ್ಕೇ ಬರೆಯಲು ಕೂತೆ. "ಹಾಡು ಹೇಗಿತ್ತು?" ಅಂತ ಕೇಳಿದ್ದೆಯಲ್ಲ, ಅದರ ಉತ್ತರವೂ ಗೂಟದ ಕಥೆಯೊಳಗೇ ಇದೆ.

ಶುಕ್ರವಾರ ನಾನು, ಲಂಬು, ಪ್ರೊಫೆಸರ್ ಮೂವರೂ ಸಂಗೀತೋತ್ಸವದ ಮೈದಾನ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಕಣ್ಣು ಹಾಯಿಸಿದಲ್ಲೆಲ್ಲ ನಾಯಿಕೊಡೆ ಎದ್ದ ಹಾಗೆ ಟೆಂಟುಗಳು. ಒಂದೇ ಒಂದು ಜಾಗ ಖಾಲಿ ಇತ್ತು. ಸಮತಟ್ಟು, ಹಚ್ಚಹಸಿರು ಹುಲ್ಲು, ಕಾಲಿಟ್ಟರೆ ಹಾಸಿಗೆಯಷ್ಟು ಮೆತ್ತಗೆ. ಇಷ್ಟು ಒಳ್ಳೆಯ ಜಾಗ ಯಾರೂ ಯಾಕೆ ಹಿಡಿದಿಲ್ಲ ಅನ್ನುವ ಪ್ರಶ್ನೆ ನಮ್ಮ ಮೂವರ ತಲೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪ್ರೊಫೆಸರನಿಗೂ ಹೊಳೆಯಲಿಲ್ಲ ಅಂದರೆ ನೋಡು! ನೀನು ಹೇಳಿಕೊಟ್ಟ ಹಾಗೇ ಗೂಟಗಳನ್ನು ಟೆಂಟಿನಿಂದ ಆಚೆಗೆ ವಾಲಿಸಿ, ಓರೆಯಾಗಿ ಹೊಡೆದು, ಹಗ್ಗ ಬಿಗಿದೆವು. ಹನ್ನೆರಡಕ್ಕೆ ಹನ್ನೆರಡೂ ಲೀಲಾಜಾಲವಾಗಿ ಇಳಿದವು. ಅಷ್ಟು ಸಲೀಸಾಗಿ ಇಳಿದಾಗಲಾದರೂ ಅನುಮಾನ ಬರಬೇಕಿತ್ತು.

ಮೊದಲ ರಾತ್ರಿಯ ವಿಷಯಕ್ಕೆ ಒಂದು ಕ್ಷಮೆ ಕೇಳುವುದಿದೆ. ಬೆಳಗಿನ ಜಾವ ಮೂಗಿನ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಒಳಗೋಡೆಯೆಲ್ಲ ಬೆವರಿದೆ. "ತೂತು ಟೆಂಟ್ ಕೊಟ್ಟು ಕಳಿಸಿದ್ದಾನೆ" ಅಂತ ಅರ್ಧ ಗಂಟೆ ನಿನ್ನನ್ನು ಬೈದೆವು. ಹೊರಗೆ ಒಂದು ಹನಿ ಮಳೆ ಬಂದಿರಲಿಲ್ಲ. ಚಳಿ ಅಂತ ಲಂಬು ಮೇಲಿನ ಎರಡೂ ಗಾಳಿಕಿಂಡಿ ಮುಚ್ಚಿದ್ದ. ಮೂರು ಜನ ರಾತ್ರಿಯಿಡೀ ಬಿಟ್ಟ ಉಸಿರಿನ ತೇವವೆಲ್ಲ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿತ್ತು. ನನ್ನ ಮೂಗಿನ ಮೇಲೆ ಬಿದ್ದದ್ದು ಬಹುಶಃ ಲಂಬುವಿನ ಗೊರಕೆ.

ಅಸಲಿ ಮಳೆ ಬಂದದ್ದು ಶನಿವಾರ ಸಂಜೆ. ಹೆಚ್ಚೆಂದರೆ ಮುಕ್ಕಾಲು ಗಂಟೆ ಹೊಡೆದಿರಬೇಕು. ಆ ಹುಲ್ಲು ಯಾಕೆ ಅಷ್ಟು ಹಸಿರು ಅಂತ ಆಗ ತಿಳಿಯಿತು. ಇಡೀ ಇಳಿಜಾರಿನ ನೀರು ಬಂದು ನಿಲ್ಲುವ ತಗ್ಗು ಅದು. ಟೆಂಟಿನ ನೆಲ ನೀರಿನ ಮೇಲೆ ತೇಲುವ ಚಾಪೆಯ ಹಾಗೆ ಅಲ್ಲಾಡುತ್ತಿತ್ತು. ಪಕ್ಕದ ದಿಬ್ಬದ ಮೇಲಿದ್ದ ಒಬ್ಬ ಅಕ್ಕ, ನಮಗಿಂತ ಹದಿನೈದು ವರ್ಷವಾದರೂ ದೊಡ್ಡವರು, ರೇನ್‌ಕೋಟ್ ಹಾಕಿಕೊಂಡು ಇಳಿದು ಬಂದರು. "ನಿನ್ನೆಯೇ ಹೇಳೋಣ ಅಂದುಕೊಂಡೆ ಕಣ್ರೋ, ಬುದ್ಧಿವಂತರ ಥರ ಕಂಡಿರಿ, ಸುಮ್ಮನಾದೆ" ಅಂದರು. ಗೂಟ ಕಿತ್ತು, ನಾಲ್ಕು ಮೂಲೆಗೆ ನಾಲ್ವರು ನಿಂತು, ಪಲ್ಲಕ್ಕಿ ಹೊತ್ತ ಹಾಗೆ ಟೆಂಟನ್ನು ಎತ್ತಿದೆವು. ಒಳಗಿನ ಬ್ಯಾಗುಗಳನ್ನು ಮೊದಲು ತೆಗೆಯಿರಿ ಅಂತ ಅಕ್ಕ ಹೇಳಿದ್ದರು. ನಾನು "ಪರವಾಗಿಲ್ಲ, ಹತ್ತೇ ಹೆಜ್ಜೆ" ಅಂದೆ. ಏಳನೇ ಹೆಜ್ಜೆಗೆ ಟೆಂಟನ್ನು ಎತ್ತಿ ಹಿಡಿದಿದ್ದ ಪೋಲ್ ಚಟ್ಟನೆ ಸೀಳಿತು. ತಪ್ಪು ನನ್ನದೇ, ಲಂಬುವನ್ನು ಕೇಳಬೇಡ.

ಇಲ್ಲಿಗೆ ಒಂದನೇ ಗೂಟ. ಸೀಳಿದ ಜಾಗಕ್ಕೆ ಒಂದು ಗೂಟವನ್ನು ಉದ್ದಕ್ಕೆ ಆನಿಸಿ, ಮುರಿದ ಕೈಗೆ ದಬ್ಬೆ ಕಟ್ಟುವ ಹಾಗೆ ಅಕ್ಕ ಅಂಟುಪಟ್ಟಿ ಸುತ್ತಿದರು. ಪಟ್ಟಿ ಒದ್ದೆಗೆ ಹಿಡಿಯುವುದಿಲ್ಲ ಅಂತ ಮೊದಲು ತಮ್ಮ ಒಣ ಟವೆಲ್ಲಿನಲ್ಲಿ ಪೋಲನ್ನು ಎರಡು ಸಲ ಒರೆಸಿದರು. ಹಲ್ಲಿನಿಂದ ಪಟ್ಟಿ ಹರಿದು, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇಪ್ಪತ್ತರವರೆಗೆ ಎಣಿಸಿದರು. ಸೋಮವಾರದವರೆಗೂ ಅದು ಮಿಸುಕಲಿಲ್ಲ.

ಆ ಗಲಾಟೆಯಲ್ಲಿ ನಾನು ಯಾವ ಹಾಡಿಗಾಗಿ ಅಷ್ಟು ದೂರ ಹೋಗಿದ್ದೆನೋ ಅದು ಶುರುವಾಗಿಬಿಟ್ಟಿತ್ತು. ವೇದಿಕೆ ಏಳುನೂರು ಮೀಟರ್ ದೂರ, ನಡುವೆ ಮೊಣಕಾಲುದ್ದ ಕೆಸರು. ಹೋಗುವ ತ್ರಾಣವಿರಲಿಲ್ಲ. ಟೆಂಟಿನ ಬಾಗಿಲು ತೆರೆದಿಟ್ಟು, ತಲೆ ಹೊರಗೆ ಕಾಲು ಒಳಗೆ ಹಾಕಿ ಮೂವರೂ ಮಲಗಿದೆವು. ದೂರದಲ್ಲಿ ವೇದಿಕೆಯ ಬೆಳಕು ಫಳಕ್ಕೆಂದು ಹೊಡೆಯುವುದು, ಒಂದು, ಎರಡು ಅಂತ ಎಣಿಸಿದರೆ ಆಮೇಲೆ ಡ್ರಮ್ಮಿನ ಪೆಟ್ಟು ಬಂದು ಎದೆಗೆ ತಾಗುವುದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ, ಹಾಗಾಗಿ ಎರಡು ಸೆಕೆಂಡು ಅಂದ ಪ್ರೊಫೆಸರ್. ನಾವು ಕೇಳುತ್ತಿದ್ದದ್ದು ಎರಡು ಸೆಕೆಂಡು ಹಳೆಯ ಹಾಡು!

ಹಗಲೆಲ್ಲ ಅಲ್ಲಿಗೆ ಬರೀ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಆ ಹೊತ್ತಿಗೆ ಮಾತ್ರ ಹಾಡುವವಳ ಉಸಿರೆಳೆತವೂ ಕೇಳಿಸಿದ ಹಾಗೆ ಅನಿಸಿತು. ಮೋಡ ಸರಿದು ನೆಲ ತಣ್ಣಗಾಗಿತ್ತು. ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇದ್ದಾಗ ಮೇಲೇರುವ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದಂತೆ. ಪ್ರೊಫೆಸರ್ ಇನ್ನೂ ಹೇಳುವವನಿದ್ದ, ಲಂಬು ಅವನ ಬಾಯಿಗೆ ಕಾಲುಚೀಲ ತುರುಕಲು ಹೋದ. ಆಮೇಲೆ ಹಾಡು ಮುಗಿಯುವ ತನಕ ಮೂವರಲ್ಲಿ ಯಾರೂ ಪಿಟ್ಟೆನ್ನಲಿಲ್ಲ. ನಮ್ಮ ಮೂವರ ಇತಿಹಾಸದಲ್ಲಿ ಅಷ್ಟು ಹೊತ್ತಿನ ಮೌನ ಅದೇ ಮೊದಲು ಅಂತ ನಿನಗೆ ಬೇರೆ ಹೇಳಬೇಕಿಲ್ಲ.

ಭಾನುವಾರ ಹಠಕ್ಕೆ ಬಿದ್ದು ವೇದಿಕೆಯ ಮುಂದೆಯೇ ನಿಂತೆವು. ಪ್ರೊಫೆಸರ್ ಇಯರ್ ಪ್ಲಗ್ ತಂದಿದ್ದ, ನಾವು ನಕ್ಕೆವು. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಡೆದೀತು, ಪ್ರತಿ ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ, ನೂರಕ್ಕೆ ಹೋದರೆ ಬರೀ 15 ನಿಮಿಷ ಅಂತ ಅವನು ಅರಚಿ ಹೇಳಿದ. ನನಗೆ ಕೇಳಿಸಿದ್ದು "ಬರೀ" ಒಂದೇ. ರಾತ್ರಿ ಮಲಗಿದಾಗ ಕಿವಿಯೊಳಗೆ ಜೀರುಂಡೆ. ಮರುದಿನ ಮಧ್ಯಾಹ್ನ ಅದು ನಿಲ್ಲುವವರೆಗೆ ಒಳಗೊಳಗೇ ಪುಕುಪುಕು ಅನ್ನುತ್ತಿತ್ತು. ನೀನು ಹೋಗುವುದಾದರೆ ಇಯರ್ ಪ್ಲಗ್ ಇಲ್ಲದೆ ಹೋಗಬೇಡ, ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಭಾನುವಾರ ಸಂಜೆಗೇ ಹೊರಟುಬಿಡೋಣ ಅಂತ ನಾನು ಅಂದಿದ್ದೆ, ನಿಲ್ಲಿಸಿದವನು ಲಂಬು. 1969ರ ಆಗಸ್ಟಿನಲ್ಲಿ ಅಮೆರಿಕದ ಸಂಗೀತೋತ್ಸವ ವುಡ್‌ಸ್ಟಾಕ್‌ನಲ್ಲಿ ಭಾನುವಾರ ಬಿರುಗಾಳಿ ಮಳೆ ಬಂದು ಎಲ್ಲ ತಡವಾಗಿ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವೇದಿಕೆ ಹತ್ತಿದ್ದು ಸೋಮವಾರ ಬೆಳಿಗ್ಗೆಯಂತೆ. ಅಷ್ಟರಲ್ಲಿ ನಾಲ್ಕು ಲಕ್ಷ ಜನರಲ್ಲಿ ಬಹುಪಾಲು ಮನೆ ದಾರಿ ಹಿಡಿದಿದ್ದರು. "ನೀನು ಆ ಮನೆಗೆ ಹೋದವರ ಪೈಕಿ ಕಣೋ" ಅಂದ. ಆ ಮಾತಿಗೆ ಯಾರು ತಾನೇ ಎದ್ದು ಹೋಗುತ್ತಾರೆ? ಉಳಿದೆವು. ನಮಗೆ ಹೆಂಡ್ರಿಕ್ಸ್ ಅಂತೂ ಬರಲಿಲ್ಲ. ಎರಡು ಗಂಟೆ ತಡವಾಗಿ ಬಂದವರು ಸುಮಾರಾಗಿ ಹಾಡಿ ಹೋದರು.

ಎರಡನೇ ಗೂಟ ಅಕ್ಕನ ಹತ್ತಿರ ಇದೆ. ಸೋಮವಾರ ಬೆಳಿಗ್ಗೆ ಗಾಳಿ ಎದ್ದು ಅವರ ಟೆಂಟಿನ ಒಂದು ಮೂಲೆ ಹಾರುತ್ತಿತ್ತು, ಅವರ ಗೂಟ ಕೆಸರಿನಲ್ಲಿ ಮಾಯವಾಗಿತ್ತು. ಕೊಟ್ಟುಬಿಟ್ಟೆ. ನಿನ್ನನ್ನು ಕೇಳಿ ಕೊಡಬೇಕಿತ್ತು, ಆದರೆ ಅಷ್ಟು ಸಾವಿರ ಫೋನುಗಳ ನಡುವೆ ನೆಟ್‌ವರ್ಕ್ ಎಲ್ಲಿ ಸಿಗಬೇಕು? ಸಿಕ್ಕಿದ್ದರೂ ನೀನು ಬೇಡ ಅನ್ನುತ್ತಿದ್ದೆ.

ಪೋಲಿನ ದಪ್ಪ ಅಳೆದಿದ್ದೇನೆ, 8.5 ಮಿಲಿಮೀಟರ್. ಹೊಸ ತುಂಡಿಗೆ ಹೇಳಿದ್ದೇನೆ. ಅದು ಬರುವ ತನಕ ಆ ಕಟ್ಟು ಬಿಚ್ಚಬೇಡ. ಮೇಲ್ಹೊದಿಕೆ ಇನ್ನೂ ಚೂರು ತೇವ ಇದೆ, ಇಲ್ಲಿ ಬಿಸಿಲೇ ಬರುತ್ತಿಲ್ಲ. ಪಾರ್ಸೆಲ್ ಬಂದ ದಿನವೇ ಬಿಚ್ಚಿ ಹರವು, ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ. ಬಲಗಡೆ ಜೇಬಿನಲ್ಲಿ ಒಂದು ಕಾಲುಚೀಲ ಸಿಕ್ಕರೆ ಅದು ಲಂಬುವಿನದು, ಎಸೆದುಬಿಡು.

ನಿನ್ನ,
ಬೈಗುಳಕ್ಕೆ ಕಾದಿರುವ ಗೆಳೆಯ